ತಾಂಡೇಲನ ಮಂಜಿಯಿಂದ ತರಂಗಿಣಿಯವರೆಗೆ: ಉಡುಪಿ ಕರಾವಳಿಯ ಹಾಯಿ ವಿದ್ಯೆ

ಉಡುಪಿ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 25ರಂದು. ಅದೇ ವರ್ಷದ ನವೆಂಬರ್ 11ರಂದು ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿದ ‘ಐಎನ್‌ಎಸ್ ತರಂಗಿಣಿ’ ಭಾರತೀಯ ನೌಕಾಪಡೆಯನ್ನು ಸೇರಿತು. ಮೂರು ಕೂವೆಮರ, ಇಪ್ಪತ್ತು ಹಾಯಿ, 54 ಮೀಟರ್ ಉದ್ದ. ರಾಡಾರ್, ಉಪಗ್ರಹಗಳ ಕಾಲದಲ್ಲಿ ನೌಕಾಪಡೆ ಬೇಕೆಂದೇ ಇಂಥದೊಂದು ಹಡಗನ್ನು ಕಟ್ಟಿಸಿ, ಮುಂದೆ ಯುದ್ಧನೌಕೆ ನಡೆಸಬೇಕಾದ ತರುಣರನ್ನು ಅದರ ಹಗ್ಗದೇಣಿ ಹತ್ತಿಸಿತು. ಆ ಹೊತ್ತಿಗೆ ಹಂಗಾರಕಟ್ಟೆ, ಮಲ್ಪೆ, ಗಂಗೊಳ್ಳಿಗಳಲ್ಲಿ ಹಾಯಿ ಬಿಚ್ಚುತ್ತಿದ್ದ ಸರಕಿನ ಮಂಜಿಗಳ ಕಾಲ ಮುಗಿದುಹೋಗಿತ್ತು. ದೇಶ ಹಣ ಸುರಿದು ಕಲಿಸತೊಡಗಿದ ವಿದ್ಯೆಯನ್ನು ನಮ್ಮ ಕರಾವಳಿ ಶತಮಾನಗಳ ಕಾಲ ಶುಲ್ಕವಿಲ್ಲದೆ, ಪ್ರಮಾಣಪತ್ರವಿಲ್ಲದೆ ಕಲಿಸಿತ್ತು. ಆ ಏರ್ಪಾಟು ಹೇಗೆ ನಡೆಯುತ್ತಿತ್ತು, ಯಾಕೆ ನಿಂತಿತು, ಎಲ್ಲಿ ಹೊಸ ರೂಪದಲ್ಲಿ ಉಳಿಯಿತು ಎಂಬುದು ಈ ಲೇಖನದ ವಿಷಯ.

ನದಿಬಾಯಿಯ ಬಂದರುಗಳು

ಬಾರಕೂರು, ಬಸರೂರು, ಹಂಗಾರಕಟ್ಟೆ, ಗಂಗೊಳ್ಳಿ, ಮಲ್ಪೆ. ಈ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಎಲ್ಲವೂ ನದಿಯೊಂದಕ್ಕೆ ಅಂಟಿಕೊಂಡೇ ಇವೆ. ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿ ಬೆಂಗ್ರೆಯ ಬಳಿ ಸಮುದ್ರ ಸೇರುವಲ್ಲಿ ಹಂಗಾರಕಟ್ಟೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳ ಸಂಗಮದಲ್ಲಿ ಗಂಗೊಳ್ಳಿ. ಉದ್ಯಾವರ ಹೊಳೆಯ ಬಾಯಲ್ಲಿ ಮಲ್ಪೆ. ಹೊಳೆಯ ಒಳಗೆ ಮಳೆಗಾಲದ ಅಬ್ಬರದಿಂದ ರಕ್ಷಣೆ ಸಿಗುತ್ತಿತ್ತು, ಘಟ್ಟದಿಂದ ಇಳಿದ ಅಕ್ಕಿ, ಕಾಳುಮೆಣಸು, ಮರಮಟ್ಟು ದೋಣಿಯಲ್ಲೇ ಬಂದರಿಗೆ ತಲುಪುತ್ತಿತ್ತು. ಕೂವೆಮರಕ್ಕೆ ಬೇಕಾದ ನೇರ ಕಾಂಡದ ಹೊನ್ನೆ ಜಾತಿಯ ಮರಗಳು ಬೆಳೆಯುತ್ತಿದ್ದದ್ದೂ ಅದೇ ಘಟ್ಟದ ಕಾಡುಗಳಲ್ಲಿ. ಕಾರ್ಕಳದಂಥ ಒಳನಾಡಿಗೂ ಕಡಲಿಗೂ ನಂಟು ಬೆಸೆದದ್ದು ಈ ಹೊಳೆಗಳೇ.

14ನೇ ಶತಮಾನದಲ್ಲಿ ಈ ದಾರಿಯಾಗಿ ಹೋದ ಇಬ್ನ್ ಬತೂತ ಬಾರಕೂರನ್ನು ‘ಫಾಕನೂರ್’ ಎಂದು ಕರೆದು, ಅಲ್ಲಿನ ಅರಸನ ಬಳಿ ಮೂವತ್ತು ಹಡಗುಗಳಿದ್ದವು, ಅವುಗಳ ಮುಖ್ಯಸ್ಥ ಲೂಲಾ ಎಂಬ ಮುಸಲ್ಮಾನ ಎಂದು ಬರೆದಿಟ್ಟಿದ್ದಾನೆ. ಮೂವತ್ತು ಹಡಗು ಇದ್ದಲ್ಲಿ ಅವನ್ನು ನಡೆಸುವ ನೂರಾರು ಕೈಗಳೂ, ಆ ಕೈಗಳನ್ನು ಪಳಗಿಸುವ ಕ್ರಮವೂ ಇದ್ದೇ ಇರಬೇಕು. ಉಡುಪಿಯ ಕೃಷ್ಣನ ಐತಿಹ್ಯದಲ್ಲೂ ಹಡಗೇ ಕಥೆಯ ಕೇಂದ್ರ. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಎದುರು ಬಿರುಗಾಳಿಗೆ ಸಿಕ್ಕಿದಾಗ ಮಧ್ವಾಚಾರ್ಯರು ದಡದಿಂದ ಬಟ್ಟೆ ಬೀಸಿ ಅದನ್ನು ಪಾರುಮಾಡಿದರು. ಪ್ರತಿಯಾಗಿ ಅವರು ಕೇಳಿ ಪಡೆದದ್ದು ಗೋಪಿಚಂದನದ ಗಡ್ಡೆ, ಅದರೊಳಗೆ ವಿಗ್ರಹವಿತ್ತು ಎನ್ನುತ್ತದೆ ಕಥೆ. ಆ ಮಣ್ಣಿನ ಗಡ್ಡೆ ಹಡಗಿನಲ್ಲಿದ್ದದ್ದು ಭಾರಕ್ಕಾಗಿ. ಸರಕು ಕಡಿಮೆಯಿದ್ದಾಗ ಹಾಯಿಯ ಒತ್ತಡಕ್ಕೆ ಹಡಗು ಮಗುಚದಂತೆ ತಳದಲ್ಲಿ ಭಾರ ತುಂಬುವುದು ನಾವಿಕರ ಮೊದಲ ಪಾಠ. ಭಕ್ತಿಯ ಕಥೆಯೊಳಗೂ ಕಸುಬಿನ ತಿಳಿವಳಿಕೆ ಹೀಗೆ ಕೂತಿದೆ.

ಮಂಜಿಯ ಮೇಲಿನ ಪಾಠ

ಹತ್ತೊಂಬತ್ತು ಮತ್ತು ಇಪ್ಪತ್ತನೇ ಶತಮಾನಗಳಲ್ಲಿ ಈ ಕರಾವಳಿಯ ಸರಕು ಸಾಗಿಸಿದ್ದು ಮಂಜಿ, ಮಚ್ವೆ, ಪತ್ತೇಮಾರಿಗಳು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮುಂದೆ ಮಲ್ಪೆಯಲ್ಲೂ ಹಂಚು ತಯಾರಾಗತೊಡಗಿದ ಮೇಲೆ ಮುಂಬಯಿಗೆ ಹೋಗುವ ಮಂಜಿಗಳ ಹೊಟ್ಟೆಯಲ್ಲಿ ಹಂಚು ತುಂಬಿತು. ಅಕ್ಕಿ, ತೆಂಗಿನಕಾಯಿ, ಸೌದೆ, ಒಣಮೀನು ಜೊತೆಗೆ ಸಾಗಿದವು. ಖಾರ್ವಿಗಳು, ಮೊಗವೀರರು, ನಾಖುದಾ ಮನೆತನಗಳ ಮುಸಲ್ಮಾನರು ಹೀಗೆ ಹಲವು ಸಮುದಾಯಗಳ ಜನ ಈ ಹಡಗುಗಳನ್ನು ನಡೆಸಿದರು.

ಕಲಿಕೆ ಅಡುಗೆಯಿಂದ ಶುರುವಾಗುತ್ತಿತ್ತು. ಎಳೆಯ ಹುಡುಗ ಮೊದಲು ಅಡುಗೆ ನೋಡಿಕೊಳ್ಳುವ ಭಂಡಾರಿಯ ಕೈಕೆಳಗೆ ಒಲೆ ಉರಿಸಬೇಕು, ಕುಡಿಯುವ ನೀರು ಕಾಯಬೇಕು. ತೂಗಾಡುವ ಹಡಗಿನಲ್ಲಿ ಗಂಜಿಯ ಪಾತ್ರೆ ಚೆಲ್ಲದಂತೆ ನಿಲ್ಲಲು ಬಂದರೆ ಕಾಲು ಪಳಗಿತು ಎಂದರ್ಥ. ಆಮೇಲೆ ಹಗ್ಗ, ಹಾಯಿ, ಲಂಗರಿನ ಕೆಲಸ ಮಾಡುವ ಕಲಾಸಿ. ಗಾಳಿಯನ್ನೂ ನೀರನ್ನೂ ಓದಲು ಕಲಿತವನಿಗೆ ಚುಕ್ಕಾಣಿ. ಎಲ್ಲವನ್ನೂ ಬಲ್ಲವನು ತಾಂಡೇಲ. ಹಡಗಿನ ಮೇಲೆ ಅವನ ಮಾತೇ ಕೊನೆ. ಇವತ್ತಿಗೂ ಮಲ್ಪೆಯ ಯಾಂತ್ರಿಕ ಮೀನುಗಾರಿಕಾ ದೋಣಿಗಳಲ್ಲಿ ನಾಯಕನನ್ನು ತಾಂಡೇಲ ಎಂದೇ ಕರೆಯುತ್ತಾರೆ.

ಪಾಠಗಳಲ್ಲಿ ಕಠಿಣವಾದದ್ದು ಹಾಯಿ ಬದಲಿಸುವುದು. ಇಲ್ಲಿನ ಹಡಗುಗಳದು ಓರೆಯಾಗಿ ನೇತುಹಾಕಿದ ಉದ್ದನೆಯ ಅಡ್ಡಮರಕ್ಕೆ ಕಟ್ಟಿದ ದೊಡ್ಡ ಹಾಯಿ. ಗಾಳಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತೆಗೆದುಕೊಳ್ಳಬೇಕಾದರೆ ಹಡಗಿನ ಮೂತಿಯನ್ನು ಗಾಳಿಯಿಂದ ಆಚೆ ತಿರುಗಿಸಿ, ಅಡ್ಡಮರವನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೂ ಹಾಯಿಯ ತುದಿಯನ್ನೂ ಕೂವೆಮರದ ಮುಂದಿನಿಂದ ಸುತ್ತಿಸಿ ಆಚೆ ಬದಿಗೆ ಒಯ್ಯಬೇಕು. ಒಬ್ಬ ತಪ್ಪಿದರೂ ಹಾಯಿ ಕೂವೆಮರಕ್ಕೆ ಸುತ್ತಿಕೊಳ್ಳುತ್ತದೆ, ಹಡಗು ಅಲೆಗೆ ಅಡ್ಡ ಬೀಳುತ್ತದೆ. ‘ಐಲೇಸಾ’ ಎಂಬ ಕೂಗು ಬೇಕಾಗುವುದು ಹೀಗೆ ಎಲ್ಲರ ಎಳೆತ ಒಂದೇ ಕ್ಷಣಕ್ಕೆ ಬೀಳಬೇಕಾದ ಕೆಲಸಗಳಲ್ಲಿ. ಇಡೀ ತಂಡ ಒಂದು ದೇಹವಾಗಿ ದುಡಿಯುವುದನ್ನು ಪುಸ್ತಕ ಕಲಿಸಲಾರದು.

ದಾರಿಯನ್ನು ಹೇಳುತ್ತಿದ್ದದ್ದು ಗಾಳಿ, ಗುಡ್ಡ ಮತ್ತು ನಕ್ಷತ್ರ. ಚಳಿಗಾಲದಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಬೀಸುವ ಮೂಡುಗಾಳಿ ಹಡಗನ್ನು ಕಡಲಿನತ್ತ ಒಯ್ಯುತ್ತದೆ. ಮಧ್ಯಾಹ್ನದ ಪಡುಗಾಳಿ ಮತ್ತೆ ದಡದ ಕಡೆಗೆ ತರುತ್ತದೆ. ಎರಡನ್ನೂ ಬಳಸಿಕೊಂಡು ಅಂಕುಡೊಂಕಾಗಿ ಬಡಗಣ ದಿಕ್ಕಿಗೆ ಏರುವುದೇ ಮುಂಬಯಿ ಪ್ರಯಾಣದ ಗುಟ್ಟು. ಹಗಲಲ್ಲಿ ಘಟ್ಟದ ಶಿಖರಗಳೇ ಕೈಮರ. ಕಾರ್ಕಳದ ಆಚೆ ಸುಮಾರು 1,890 ಮೀಟರ್ ಎತ್ತರಕ್ಕೆ ನಿಂತ ಕುದುರೆಮುಖವನ್ನು ಕಡಲಿನಿಂದ ನೋಡಿಯೇ ನಾವಿಕರು ತಾವೆಲ್ಲಿದ್ದೇವೆ ಎಂದು ಲೆಕ್ಕ ಹಾಕುತ್ತಿದ್ದರು. ರಾತ್ರಿಯ ನೆರವಿಗೆ 1901ರಲ್ಲಿ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದಿತು. ಅದರಾಚೆಗಿನ ನೀರಿನಲ್ಲಿ ಧ್ರುವನಕ್ಷತ್ರವೇ ಗತಿ. ಉಡುಪಿಯ ನೇರದಲ್ಲಿ ಅದು ದಿಗಂತದಿಂದ ಸುಮಾರು ಹದಿಮೂರು ಡಿಗ್ರಿ ಮೇಲೆ, ಮುಂಬಯಿಯಲ್ಲಿ ಸುಮಾರು ಹತ್ತೊಂಬತ್ತು. ಲಕ್ಷದ್ವೀಪದ ನಾವಿಕರು ಗಂಟು ಹಾಕಿದ ದಾರ ಕಟ್ಟಿದ ಒಂದು ಹಲಗೆಯಿಂದ ಈ ಎತ್ತರವನ್ನು ಅಳೆಯುತ್ತಿದ್ದರು, ‘ರಹ್ಮಾನಿ’ ಎಂಬ ಕೈಬರಹದ ಪುಸ್ತಕಗಳಲ್ಲಿ ದಾರಿ ಗುರುತಿಸಿಡುತ್ತಿದ್ದರು. ಆ ದ್ವೀಪಗಳು ನಮಗೆ ಹೊರಗಿನವಲ್ಲ: ಅಮಿನಿ, ಕದಮತ್, ಕಿಲ್ತಾನ್ ಮುಂತಾದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗಿನ ನಾರು ಹೇರಿಕೊಂಡು ಮಂಗಳೂರಿಗೆ ಬಂದ ‘ಓಡ’ ಎಂಬ ಹಾಯಿ ಹಡಗುಗಳು ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು.

ಮಳೆಗಾಲ ಬಂತೆಂದರೆ ಮಂಜಿಗಳು ದಡ ಸೇರುತ್ತಿದ್ದವು. ಆಗ ಬೇರೆ ಪಾಠ: ಹಲಗೆಗಳ ಸಂದು ತುಂಬುವುದು, ಮರಕ್ಕೆ ಮೀನೆಣ್ಣೆ ಬಳಿಯುವುದು, ಹಾಯಿ ಹೊಲಿಯುವುದು, ಹಗ್ಗ ಹೊಸೆಯುವುದು. ನೂಲಹುಣ್ಣಿಮೆಯ ಸಮುದ್ರಪೂಜೆ ಮುಗಿದು ಅಲೆ ತಗ್ಗಿದ ಮೇಲೆ ಮತ್ತೆ ಅಳಿವೆ ದಾಟುವ ದಿನ. ನದಿ ಕಡಲು ಸೇರುವ ಆ ಬಾಗಿಲಿನಲ್ಲಿ ಮರಳದಿಣ್ಣೆ ವರ್ಷವರ್ಷವೂ ಜಾಗ ಬದಲಿಸುತ್ತದೆ. ಹೊಸಬನಿಗೆ ಅದೇ ಪರೀಕ್ಷೆ, ಹಳಬನಿಗೂ ಅದೇ. ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಬೆಲೆಯನ್ನು ಮರೆಯಬಾರದು. ಜೀವರಕ್ಷಕ ಅಂಗಿ ಇಲ್ಲ, ಹವಾಮಾನದ ಮುನ್ಸೂಚನೆ ಇಲ್ಲ. ಕಡಲಿಗೆ ಹೋದವರು ಮರಳದ ಮನೆಗಳು ಕರಾವಳಿಯ ಊರೂರಲ್ಲೂ ಇದ್ದವು. ವಿದ್ಯೆ ಗಂಡಸರಿಗೆ, ಅದೂ ಕೆಲವೇ ಸಮುದಾಯಗಳವರಿಗೆ ಮಾತ್ರ ದಕ್ಕುತ್ತಿತ್ತು.

ಸರ್ಕಾರಗಳ ಪ್ರಯತ್ನ

ನಾವಿಕರ ತಯಾರಿಯನ್ನು ರಾಜ್ಯವೇ ಕೈಗೆತ್ತಿಕೊಳ್ಳಬೇಕೆಂಬ ದೊಡ್ಡ ಯೋಜನೆ ಈ ಕರಾವಳಿಯಲ್ಲಿ ಕಾಣಿಸಿದ್ದು ಮೈಸೂರಿನ ಆಳ್ವಿಕೆಯಲ್ಲಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಬಂದರುಗಳು ದಕ್ಕಿದವು. ಟಿಪ್ಪು ಸುಲ್ತಾನ್ 1796ರಲ್ಲಿ ‘ಮೀರ್ ಯಮ್’ ಎಂಬ ಹನ್ನೊಂದು ಅಧಿಕಾರಿಗಳ ನೌಕಾಮಂಡಳಿ ನೇಮಿಸಿ, ಮಂಗಳೂರು, ಸದಾಶಿವಗಡ ಸೇರಿ ಮೂರು ಕಡೆ ಹಡಗುಕಟ್ಟೆಗಳನ್ನು ಗೊತ್ತುಮಾಡಿ, 22 ದೊಡ್ಡ ಯುದ್ಧನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟಲು ಆಜ್ಞೆ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಯೋಜನೆಯೂ ಬಿತ್ತು.

ಬ್ರಿಟಿಷರ ಕಾಲದಲ್ಲಿ ಕಲಿಕೆ ಮುಂಬಯಿ ಸೇರಿತು. 1927ರ ಡಿಸೆಂಬರಿನಲ್ಲಿ ಅಲ್ಲಿ ಲಂಗರು ಹಾಕಿದ್ದ ‘ಡಫರಿನ್’ ಹಡಗಿನಲ್ಲಿ ಭಾರತೀಯ ಹುಡುಗರನ್ನು ವಾಣಿಜ್ಯ ನೌಕೆಗಳ ಅಧಿಕಾರಿಗಳನ್ನಾಗಿ ತಯಾರು ಮಾಡುವ ತರಬೇತಿ ಆರಂಭವಾಯಿತು. 1972ರಲ್ಲಿ ಅದರ ಜಾಗಕ್ಕೆ ‘ರಾಜೇಂದ್ರ’ ಬಂತು. 1993ರಲ್ಲಿ ನವಿ ಮುಂಬಯಿಯ ‘ಚಾಣಕ್ಯ’. ಹೆಸರಿಗೆ ತರಬೇತಿ ಹಡಗಾದರೂ ಈ ಕೊನೆಯದು ದಡದ ಮೇಲಿನ ಕಟ್ಟಡ. ಮೀನುಗಾರಿಕೆಗೂ ಹೀಗೆಯೇ ಆಯಿತು. ಆಳಕಡಲಿನ ದೋಣಿ ನಡೆಸುವವರಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆ 1963ರಲ್ಲಿ ಕೊಚ್ಚಿಯಲ್ಲಿ ಹುಟ್ಟಿತು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ. ಪಾಠದ ಕೇಂದ್ರದಲ್ಲಿ ಎಂಜಿನ್ ಇತ್ತು, ಹಾಯಿಗೆ ಜಾಗವಿರಲಿಲ್ಲ.

ಅದು ತಪ್ಪೆನ್ನಲಾಗದು. 1958ರ ವಾಣಿಜ್ಯ ನೌಕಾ ಕಾಯಿದೆ ಹಾಯಿ ಹಡಗುಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿತಾದರೂ ಕಾಲ ಬೇರೆ ದಿಕ್ಕಿಗೆ ಹರಿಯುತ್ತಿತ್ತು. ಹಡಗುಗಳಿಗೆ ಎಂಜಿನ್ ಕೂರಿಸಿದರು. ಹೆದ್ದಾರಿಯ ಸೇತುವೆಗಳು ಎದ್ದು ಲಾರಿಗಳು ಓಡಿದವು. 1974ರಲ್ಲಿ ನವಮಂಗಳೂರು ಪ್ರಮುಖ ಬಂದರಾಯಿತು. ಕಾಂಕ್ರೀಟಿನ ತಾರಸಿ ಬಂದು ಹಂಚಿನ ಬೇಡಿಕೆ ಕುಗ್ಗಿತು. ಸರಕಿಲ್ಲದೆ ಮಂಜಿ ಇಲ್ಲ, ಮಂಜಿ ಇಲ್ಲದೆ ಕಲಿಯುವ ಜಾಗವಿಲ್ಲ. ನಮ್ಮಲ್ಲಿ ಹಾಯಿ ವಿದ್ಯೆ ವ್ಯಾಪಾರದ ಮಡಿಲಲ್ಲಿ ಮಾತ್ರ ಬದುಕಿತ್ತು. ವ್ಯಾಪಾರ ಕೈಬಿಟ್ಟಾಗ ಅದನ್ನು ಎತ್ತಿಕೊಳ್ಳಲು ಮಠ, ಶಾಲೆ, ಸಂಘ ಯಾವುದೂ ಮುಂದೆ ಬರಲಿಲ್ಲ.

ಮತ್ತೆ ಹಾಯಿಗೆ

ಹೊರಗಿನ ಪ್ರಪಂಚದಲ್ಲೂ ಸರಕಿನ ಹಾಯಿ ಹಡಗುಗಳು ಅದೇ ಕಾಲಕ್ಕೆ ಮುಗಿದವು. ಆದರೆ ಅಲ್ಲಿ ಕೆಲವರು ಹಾಯಿಯನ್ನು ಸರಕಿನಿಂದ ಬಿಡಿಸಿ ಶಿಕ್ಷಣಕ್ಕೆ ಕಟ್ಟಿದರು. 1956ರಲ್ಲಿ ಲಂಡನ್ನಿನ ವಕೀಲ ಬರ್ನಾರ್ಡ್ ಮಾರ್ಗನ್ ಅವರ ಹಂಬಲದಿಂದ ಇಂಗ್ಲೆಂಡಿನ ಟಾರ್‌ಬೇಯಿಂದ ಲಿಸ್ಬನ್‌ವರೆಗೆ ತರಬೇತಿ ಹಾಯಿ ಹಡಗುಗಳ ಓಟ ನಡೆಯಿತು. ಮರುವರ್ಷವೇ ಜರ್ಮನಿಯ ‘ಪಾಮಿರ್’ ಅಟ್ಲಾಂಟಿಕಿನ ಚಂಡಮಾರುತದಲ್ಲಿ ಮುಳುಗಿ, ಅದರಲ್ಲಿದ್ದ 86 ಮಂದಿಯಲ್ಲಿ ಆರೇ ಜನ ಬದುಕುಳಿದರು. ಸತ್ತವರಲ್ಲಿ ಹೆಚ್ಚಿನವರು ಕಲಿಯಲು ಬಂದ ಹುಡುಗರು. ಆ ದುರಂತದ ನಂತರವೂ ಹಾಯಿ ತರಬೇತಿ ನಿಲ್ಲಲಿಲ್ಲ. ಸುರಕ್ಷೆಯ ಕುರಿತ ಎಚ್ಚರ ಹೆಚ್ಚಿತು.

ನಮ್ಮಲ್ಲಿ ಈ ದಾರಿ ಹಿಡಿದದ್ದು ನೌಕಾಪಡೆ. ತರಂಗಿಣಿಯ ನಕ್ಷೆ ಬ್ರಿಟನ್ನಿನ ನೌಕಾಶಿಲ್ಪಿ ಕಾಲಿನ್ ಮುಡೀ ಅವರದು. ಕೊಚ್ಚಿಯ ತರಬೇತಿ ದಳಕ್ಕೆ ಸೇರಿದ ಈ ಹಡಗು 2003ರ ಜನವರಿಯಲ್ಲಿ ಹೊರಟು 2004ರ ಏಪ್ರಿಲ್‌ನಲ್ಲಿ ಭೂಪ್ರದಕ್ಷಿಣೆ ಮುಗಿಸಿ ಮರಳಿತು. ಅದೇ ಗೋವಾದಲ್ಲಿ ಕಟ್ಟಿದ ಜೋಡಿ ಹಡಗು ‘ಸುದರ್ಶಿನಿ’ 2012ರ ಜನವರಿ 27ರಂದು ಸೇವೆಗೆ ಬಂತು. ಈ ಹಡಗುಗಳಲ್ಲಿ ಕೆಡೆಟ್ ಕಲಿಯುವುದು ಮಂಜಿಯ ಹುಡುಗ ಕಲಿತದ್ದನ್ನೇ. ಗುಂಡಿ ಒತ್ತಿದರೆ ನಡೆಯುವ ಕೆಲಸ ಇಲ್ಲಿ ಕಡಿಮೆ. ಹಾಯಿ ಮಡಚಬೇಕಾದರೆ ಮೇಲೆ ಹತ್ತಬೇಕು, ಅಡ್ಡಮರದುದ್ದಕ್ಕೂ ನಿಂತವರೆಲ್ಲ ಒಟ್ಟಿಗೆ ಬಟ್ಟೆಯನ್ನು ಎಳೆದು ಕಟ್ಟಬೇಕು. ಭಯ ಎಲ್ಲರಿಗೂ ಇರುತ್ತದೆ. ಪಕ್ಕದವನ ಕೈಯನ್ನು ನಂಬಿ ಭಯವನ್ನು ಅಂಕೆಯಲ್ಲಿಡುವುದೇ ತರಬೇತಿ. ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಬಾಗಿಲೂ ತೆರೆಯಿತು. 2017ರ ಸೆಪ್ಟೆಂಬರಿನಿಂದ 2018ರ ಮೇ ತನಕ ‘ತಾರಿಣಿ’ ಎಂಬ ಪುಟ್ಟ ಹಾಯಿ ನೌಕೆಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಗೋವಾದಿಂದ ಹೊರಟು ಭೂಮಿಯನ್ನು ಸುತ್ತಿಬಂದರು.

ಸೈನ್ಯ ಸೇರದ ವಿದ್ಯಾರ್ಥಿಗೆ ಈ ಬಾಗಿಲು ಎನ್‌ಸಿಸಿ. 1948ರಲ್ಲಿ ಕಾಯಿದೆಯಾಗಿ ಹುಟ್ಟಿದ ಈ ಸ್ವಯಂಪ್ರೇರಿತ ದಳಕ್ಕೆ 1952ರಲ್ಲಿ ನೌಕಾ ವಿಭಾಗ ಸೇರಿತು. ಮಂಗಳೂರಿನಂತೆ ಉಡುಪಿಯಲ್ಲೂ ನೌಕಾ ಘಟಕವಿದ್ದು, ಕಾಲೇಜು ಹುಡುಗ ಹುಡುಗಿಯರು ತಾವಾಗಿಯೇ ಹೆಸರು ಕೊಟ್ಟು ಸೇರುತ್ತಾರೆ. ಅವರ ಮುಖ್ಯ ಪಾಠಶಾಲೆ ವ್ಹೇಲರ್ ಎಂಬ 27 ಅಡಿಯ ದೋಣಿ. ಅದನ್ನು ಹುಟ್ಟು ಹಾಕಿಯೂ ನಡೆಸಬಹುದು, ಹಾಯಿ ಕಟ್ಟಿಯೂ ನಡೆಸಬಹುದು. ಹಗ್ಗದ ಗಂಟು, ಬಾವುಟ ಬೀಸಿ ಸಂದೇಶ ಕೊಡುವುದು, ಹಡಗಿನ ಮಾದರಿ ತಯಾರಿಸುವುದು ಇವೆಲ್ಲ ಕಲಿಕೆಯ ಭಾಗ. ಕಡಲನ್ನು ಎಂದೂ ಕಸುಬಾಗಿ ಕಾಣದ ಮನೆಗಳ ಮಕ್ಕಳು ಇಂದು ಹಾಯಿಯ ಹಗ್ಗ ಹಿಡಿಯುತ್ತಿರುವುದು ಈ ಏರ್ಪಾಟಿನಿಂದ. ಜಾತಿ, ಲಿಂಗದ ಗೆರೆ ಇಲ್ಲದ ತಾಂಡೇಲ ಪರಂಪರೆ ಎಂದು ಇದನ್ನು ಕರೆದರೆ ಅತಿಶಯವಲ್ಲ.

ಕಾರವಾರದ ಪಾಠ

ತೀರಾ ಈಚಿನ ಅಧ್ಯಾಯ ನಮ್ಮ ರಾಜ್ಯದ ನೆಲವನ್ನೂ ಮುಟ್ಟಿತು. ಅಜಂತಾದ 5ನೇ ಶತಮಾನದ ಚಿತ್ರವೊಂದರಲ್ಲಿ ಕಾಣುವ ಹಡಗನ್ನು ಮತ್ತೆ ಕಟ್ಟಬೇಕೆಂದು 2023ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಶನ್ಸ್ ಒಪ್ಪಂದ ಮಾಡಿಕೊಂಡವು. ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ರಾಳ ಹಚ್ಚಿ ಹಡಗನ್ನು ಮುಗಿಸಿದರು. ಹಳೆಯ ನಕ್ಷೆ ಯಾವುದೂ ಉಳಿದಿರಲಿಲ್ಲ. ಹಾಗಾಗಿ ಮದರಾಸು ಐಐಟಿ ಹಡಗಿನ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅದಕ್ಕೆ ‘ಕೌಂಡಿನ್ಯ’ ಎಂದು ಹೆಸರಿಟ್ಟು ನೌಕಾಪಡೆಗೆ ಸೇರಿಸಿಕೊಂಡರು. ಹಾಯಿಯ ಮೇಲೆ ಗಂಡಭೇರುಂಡ.

ಈ ಹಡಗಿಗೆ ಈಗಿನ ರೀತಿಯ ಚುಕ್ಕಾಣಿ ಇಲ್ಲ, ದಿಕ್ಕು ತಿರುಗಿಸುವ ದೊಡ್ಡ ಹುಟ್ಟುಗಳಿವೆ. ಅದನ್ನು ನಡೆಸಿದ ಅನುಭವವಿದ್ದ ಒಬ್ಬ ಜೀವಂತ ಗುರುವೂ ಇರಲಿಲ್ಲ. ನಾವಿಕರು ಹಡಗಿನಿಂದಲೇ ಹಡಗನ್ನು ಕಲಿತರು. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿ, ಜನವರಿಯಲ್ಲಿ ಗುರಿ ಮುಟ್ಟಿದರು. ಅಜಂತಾದ ಹಡಗಿಗೆ ಗುರುವಿಲ್ಲದೆ ಹೋದದ್ದು ಕಾಲದ ದೂರದಿಂದ. ಮಂಜಿಯ ವಿಷಯದಲ್ಲಿ ಆ ನೆಪ ನಮಗಿಲ್ಲ. ಅದರ ಹಾಯಿ ಎಳೆದ ಕೈಗಳು ಈ ಊರುಗಳಲ್ಲೇ ಮುಪ್ಪಾದವು.

ಇನ್ನು ಮಾಡಬೇಕಾದ್ದು

ಅಮೆರಿಕದ ಸ್ಯಾನ್ ಡಿಯೇಗೊ ಊರಿನ ವಸ್ತುಸಂಗ್ರಹಾಲಯದಲ್ಲಿ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಹಡಗಿದೆ. 1863ರಲ್ಲಿ ‘ಯೂಟರ್ಪಿ’ ಎಂಬ ಹೆಸರಿನಿಂದ ನೀರಿಗಿಳಿದು, ಭಾರತದ ಬಂದರುಗಳಿಗೂ ಬಂದುಹೋಗಿದ್ದ ಹಡಗು ಅದು. ದಶಕಗಳ ಕಾಲ ನಿಂತಲ್ಲೇ ನಿಂತಿದ್ದ ಅದನ್ನು ಊರಿನವರು ದುರಸ್ತಿ ಮಾಡಿಸಿ 1976ರಲ್ಲಿ ಮತ್ತೆ ಹಾಯಿ ಬಿಚ್ಚಿ ಕಡಲಿಗೆ ಒಯ್ದರು. ಅದನ್ನು ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ರಜಾದಿನಗಳಲ್ಲಿ ಬಂದು ಹಗ್ಗ ಹಿಡಿಯಲು ಕಲಿತು, ಮೇಲೆ ಹತ್ತುವ ಪರೀಕ್ಷೆ ದಾಟಿದವರಿಗೆ ಮಾತ್ರ ಕಡಲಿಗೆ ಹೋಗುವ ಅವಕಾಶ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತ ‘ಚಪಲ್’ ಯುದ್ಧನೌಕೆಯನ್ನು ನಾವು ನೋಡಿ ಬರುತ್ತೇವೆ. ಸ್ಯಾನ್ ಡಿಯೇಗೊದವರು ತಮ್ಮ ಹಡಗನ್ನು ನಡೆಸುತ್ತಾರೆ. ನೋಡಿ ಬಂದವನಿಗೆ ನೆನಪು ಉಳಿಯುತ್ತದೆ, ನಡೆಸಿದವನಿಗೆ ವಿದ್ಯೆ.

ಇಂಥ ಕೆಲಸಕ್ಕೆ ಬೇಕಾದ ಮಾದರಿಗಳು ಉಡುಪಿಯಲ್ಲೇ ಇವೆ. ವಿಜಯನಾಥ ಶೆಣೈಯವರು ಕುಂಜೂರಿನ ಚೌಕಿ ಮನೆಯಂಥ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದರು. ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕು.ಶಿ. ಹರಿದಾಸ ಭಟ್ಟರ ಕಾಲದಲ್ಲಿ ಯಕ್ಷಗಾನ, ಭೂತಾರಾಧನೆಗಳನ್ನು ದಾಖಲಿಸಿತು. ಹಂಗಾರಕಟ್ಟೆ ಮತ್ತು ಮಲ್ಪೆಗಳಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಅಂಗಸಂಸ್ಥೆ ಹಡಗು ಕಟ್ಟುತ್ತಿದೆ. ಮನೆಗಳಿಗೂ ಕುಣಿತಕ್ಕೂ ಸಿಕ್ಕ ಆಸರೆ ಹಡಗಿಗೆ ಸಿಗಲಿಲ್ಲ ಎಂಬುದೇ ಈ ಚರಿತ್ರೆಯ ತಿರುಳು.

ಆದ್ದರಿಂದ ಮೂರು ಕೆಲಸಗಳನ್ನು ಓದುಗರ ಮುಂದಿಡುತ್ತೇನೆ. ಒಂದು, ಮಂಜಿಯಲ್ಲಿ ದುಡಿದ ಹಿರಿಯರು ಯಾರ ಮನೆಯಲ್ಲಿದ್ದರೂ ಅವರ ಮಾತನ್ನು ಈ ವರ್ಷವೇ ಧ್ವನಿಮುದ್ರಿಸಬೇಕು: ಗಾಳಿಯ ಹೆಸರು, ದಾರಿಯ ಗುರುತು, ಹಾಯಿ ಬದಲಿಸುವ ಕ್ರಮ ಎಲ್ಲವನ್ನೂ. ಎರಡು, ಮೀನುಗಾರರ ಸಂಘಗಳು, ಕಾಲೇಜುಗಳು, ಹಡಗು ಕಟ್ಟುವವರು ಕೂಡಿ ಹಂಗಾರಕಟ್ಟೆಯಲ್ಲಿ ಒಂದೇ ಒಂದು ಮಂಜಿಯನ್ನಾದರೂ ಹೊಸದಾಗಿ ಕಟ್ಟಬೇಕು. ಮೂರು, ಅದನ್ನು ಗಾಜಿನ ಆಚೆ ಇಡದೆ, ಇಂದಿನ ಸುರಕ್ಷಾ ನಿಯಮಗಳಿಗೆ ಒಳಪಡಿಸಿ, ಎನ್‌ಸಿಸಿಯ ನೌಕಾ ಘಟಕಕ್ಕೂ ಊರಿನ ಸ್ವಯಂಸೇವಕರಿಗೂ ಕಲಿಯಲು ಬಿಟ್ಟುಕೊಡಬೇಕು. ಮೊದಲ ಕೆಲಸಕ್ಕೆ ಹಣ ಬೇಡ, ಒಂದು ಮೊಬೈಲು ಸಾಕು. ಅದನ್ನು ಮಾಡದೆ ಉಳಿದೆರಡನ್ನು ಮಾಡಲು ಹೊರಟರೆ ಹಡಗು ಸಿಕ್ಕೀತು, ಕಲಿಸುವವರು ಸಿಗಲಾರರು.